ಅಲ್ಲು ನೋವು, ರಾತ್ರಿ

ಪಿ.ಜೆ. ಬಡಾವಣೆ, ಔಷಧಿ ಅಂಗಡಿಯ ಮೇಲೆ
ಮೂರನೇ ಮಹಡಿ. ಲಿಫ್ಟಿಲ್ಲ.
ಏದುಸಿರು ಬಿಡುತ್ತ ನಿಂತವಳಿಗೆ
ಒಂದು ಕುರ್ಚಿ, ಒಂದು ಪರದೆ ತೋರಿಸಿ
ನಿಖಿಲ್ ಶ್ಯಾಗಲೆ ಅಂದ: "ಅಕ್ಕಾ, ಬರಿಯೋದು ಜನಕ್ಕೆ.
ಆದ್ರೆ ಮೊದಲು ಓದೋದು ಯಂತ್ರ."
ಅವನಿಗೆ ಇಪ್ಪತ್ನಾಲ್ಕು. ನನ್ನ ಕನ್ನಡಕಕ್ಕೇ ಹತ್ತೊಂಬತ್ತು.

ಚೌಕಿಪೇಟೆಯಲ್ಲಿ ಮುರಿಗೆಪ್ಪನವರ ಪ್ರೆಸ್ಸು
ಬಾಗಿಲು ಹಾಕುವ ತನಕ, ಹನ್ನೊಂದು ವರ್ಷ,
ಲಗ್ನಪತ್ರಿಕೆಗಳ ಕರಡು ತಿದ್ದಿದವಳು ನಾನು.
ಒತ್ತು ಬಿಟ್ಟವರಿಗೆ ಒತ್ತು ಕೊಟ್ಟೆ,
ದೀರ್ಘ ಮರೆತವರಿಗೆ ದೀರ್ಘ ಎಳೆದೆ,
'ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ' ಎಂಬಲ್ಲಿ
ತಪ್ಪಿನ ಒತ್ತು ತಪ್ಪದ ಹಾಗೆ ಕಾದೆ.

ಈಗ ಪರದೆಯ ಮೇಲೊಂದು ಪಟ್ಟಿ.
ಊರು ಏನು ಹುಡುಕಿತು, ತಿಂಗಳಿಗೆ ಎಷ್ಟು ಸಲ:
ಹಲ್ಲು ಸೆಟ್ ರೇಟು, ಇನ್ನೂರ ಹತ್ತು.
ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತಾ, ತೊಂಬತ್ತು.
ಬುದ್ಧಿಹಲ್ಲು ಬಂದರೆ ಬುದ್ಧಿ ಬರುತ್ತಾ, ಮೂವತ್ತು.
ಅಲ್ಲು ನೋವು ರಾತ್ರಿ, ಹತ್ತು.
ಊರಿನ ಹೆಸರನ್ನೇ ನಾಲ್ಕು ಥರ ಬರೆದಿದ್ದರು:
ದಾವಣಗೆರೆ, ದಾವಣಗೇರಿ, ದಾವಂಗೆರೆ,
ಧಾವಣಗೆರೆ. ಈ ಕೊನೆಯವನು
ಓಡಿ ಬಂದವನೇ ಇರಬೇಕು.

ಕೈ ತಾನಾಗಿ ಕೆಂಪು ಪೆನ್ನು ತಡಕಿತು.
ಅ ಅಳಿಸಿ ಹ ಒತ್ತಿದೆ.
"ಮುಟ್ಟಬೇಡಿ ಅಕ್ಕಾ," ಅಂದ ಹುಡುಗ,
"ಜನ ತಪ್ಪಾಗೇ ಹುಡುಕ್ತಾರೆ.
ಆ ತಪ್ಪಲ್ಲೇ ನಾವು ಸಿಗಬೇಕು."

ಮಧ್ಯಾಹ್ನ ಡಬ್ಬಿ ಬಿಚ್ಚಿದೆ. ರೊಟ್ಟಿ ಗಂಟಲಲ್ಲಿ ನಿಂತಿತು.
ಒಂದೇ ಒಂದು ಸಲ ನನ್ನ ಕಣ್ಣು ತಪ್ಪಿಸಿ ಹೋಗಿತ್ತು ಹ.
ಚಿ. ಹಾಲೇಶ, ಆಲೇಶನಾಗಿ ನಾನೂರು ಪ್ರತಿ.
ಮುರಿಗೆಪ್ಪನವರು ಬೈಯಲಿಲ್ಲ, ಸಂಬಳದಲ್ಲಿ ಹಿಡಿದರು.
ಬಿಳಿಚೋಡಿನಿಂದ ಬಂದ ಹುಡುಗನ ಅಜ್ಜಿ
ಎರಡೆರಡು ಸಲ ಓದಿಸಿ ಕೇಳಿದಳು:
"ಆಲೇಶ ಅಂತಾನೇ ಐತಲ್ಲವ್ವ. ಇದ್ರಾಗೆ ತಪ್ಪೇನೈತಿ?
ಉಟ್ಟಿದಾಗಿಂದ ಅಂಗೇ ಕರ್ದೀನಿ. ಓಗೊಟ್ಟಾನೆ."
ಆಗ ನಾನು ನಕ್ಕಿದ್ದೆ. ಎಂಥ ನಗು ಅದು,
ನೆನಪಿಲ್ಲ ಅಂದರೆ ಸುಳ್ಳಾಗುತ್ತದೆ.

ಸಂಜೆಯೊಳಗೆ ಎಂಟುನೂರು ಪದ.
ಡಾಕ್ಟರ ವಿಳಾಸ ಮೂರು ಕಡೆ,
'ದಾವಣಗೆರೆಯ ಉತ್ತಮ ದಂತವೈದ್ಯರು' ಏಳು ಕಡೆ.
ಒಗ್ಗರಣೆಗೆ ಅಡುಗೆ ಬಿದ್ದ ಹಾಗೆ.
ಯಂತ್ರ ಹಸಿರು ದೀಪ ತೋರಿಸಿತು.
ಹೊರಡುವ ಮುಂಚೆ ಕೊನೆಗೆ ಸೇರಿಸಿದೆ:

ಅಲ್ಲು ನೋವಾ? ಈ ಹೊತ್ತಲ್ಲಿ ಯಾರೂ ಬಾಗಿಲು ತೆಗೆಯೊಲ್ಲ.
ನೀರು ಉಗುರುಬೆಚ್ಚಗೆ ಕಾಸಿ, ಉಪ್ಪು ಹಾಕಿ ಮುಕ್ಕಳಿಸಿ.
ಬೆಳಗಾಗುತ್ತದೆ. ಆಮೇಲೆ ಬನ್ನಿ.

ದೀಪ ಹಳದಿಯಾಯಿತು: ಈ ಸಾಲುಗಳಿಂದ ಪ್ರಯೋಜನವಿಲ್ಲ.
ನಿಖಿಲ್ ಪರದೆ ನೋಡಿದ, ನನ್ನನ್ನು ನೋಡಿದ,
ಏನೂ ಅನ್ನದೆ ಚಹಾಕ್ಕೆ ಇಳಿದು ಹೋದ.

ಹದಿನಾಲ್ಕು ದಿನ. ನಮ್ಮದು ಅರವತ್ತೇಳನೇ ಸ್ಥಾನ.
ಅಷ್ಟು ದೂರ ಯಾರೂ ಬರುವುದಿಲ್ಲವಂತೆ,
ಕೊನೇ ಬಸ್ಸು ತಪ್ಪಿದವರ ಹೊರತು.
"ಇದೊಂದು ನೋಡಿ," ಬೆರಳಿಟ್ಟ ಹುಡುಗ.
ನಿನ್ನೆ ರಾತ್ರಿ, ಎರಡು ಗಂಟೆ ಹತ್ತು ನಿಮಿಷ.
ಜಗಳೂರು. ಒಬ್ಬರು.
ಓದಿ ಮುಗಿಸಲು ಮೂರು ನಿಮಿಷ ಸಾಕು;
ಹದಿನಾಲ್ಕು ನಿಮಿಷ ತೆರೆದೇ ಇತ್ತು.
"ನಿದ್ದೆ ಹೋಗಿರ್ಬೇಕು," ಅಂದ.

ಇರಬಹುದು.
ನಾನು ಲೆಕ್ಕ ಹಾಕುತ್ತಿದ್ದೆ:
ಮಲಗಿದವರನ್ನು ಎಬ್ಬಿಸದೆ ಎದ್ದುಬರಲು,
ಗ್ಯಾಸು ಹಚ್ಚಲು, ನೀರು ಬೆಚ್ಚಗಾಗಲು,
ಉಪ್ಪಿನ ಡಬ್ಬಿ ಎಲ್ಲಿಟ್ಟಿದ್ದಾರೋ ಎಂದು
ಕತ್ತಲಲ್ಲೇ ಗೂಡು ಗೂಡು ಮುಟ್ಟಿ
ಹುಡುಕಲು.