ಸಾಕು

ಬಾಟಲಿಯ ಮೇಲೆ ಹೆಸರು ಬರೆಯವ್ವ ಅಂದರೆ
ತೋರುಬೆರಳು ಎತ್ತಿ ತೋರಿಸಿದಳು, ಬಟ್ಟೆ ಸುತ್ತಿತ್ತು.
ಹೊಲಿಗೆ ಸೂಜಿ ಉಗುರು ದಾಟಿತ್ತಂತೆ.
ನಾನೇ ಬರೆದೆ: ಕೆಂಪಾಜಮ್ಮ, ಮೂವತ್ತೊಂದು, ಕೊಪ್ಪ.

ಮಂಡ್ಯದ ದೊಡ್ಡಾಸ್ಪತ್ರೆ, ಲ್ಯಾಬಿನ ಕಿಟಕಿ,
ಬೆಳಗಿನ ಎಂಟೂ ಇಪ್ಪತ್ತು.

"ಉರಿ ಕನಕ್ಕ. ಮೆಣಸಿನಕಾಯಿ ಅರೆದಂಗೆ.
ಈ ವರ್ಸ ಇದು ಮೂರನೇ ಸಲ."

ಮೊದಲು ಬಂದದ್ದು ಬಿಟ್ಟು ನಡುವಿನದು ಹಿಡಿ,
ಮುಚ್ಚಳದ ಒಳಗೆ ಬೆರಳು ತಾಕಿಸಬೇಡ.
ದಿನಕ್ಕೆ ಎಪ್ಪತ್ತು ಸಲ ಹೇಳಿ ಹೇಳಿ
ನನ್ನ ಬಾಯಲ್ಲಿ ಆ ಮಾತು ಕಂಡಕ್ಟರನ ಕೂಗಾಗಿದೆ:
ಗೆಜ್ಜಲಗೆರೆ, ಮದ್ದೂರು, ನಿಡಘಟ್ಟ.

"ಕಲ್ಚರ್ ಅಂದ್ರೆ ಏನಕ್ಕ?"
ಹುಳ ಸಾಕಿ ನೋಡೋದು ಕಣವ್ವ.
"ರೇಷ್ಮೆ ಹುಳದಂಗಾ!"
ಅಷ್ಟು ಉರಿಯಲ್ಲೂ ನಕ್ಕಳು.
ಅವರವ್ವ ಹುಳ ಸಾಕುತ್ತಿದ್ದಳಂತೆ,
ಕೈಕಾಲು ತೊಳೆಯದೆ ಹುಳದ ಮನೆ ಹೊಸಲು
ದೇವರು ಬಂದರೂ ದಾಟಿಸುತ್ತಿರಲಿಲ್ಲವಂತೆ.
ತಟ್ಟೆಗಳಿಗೆಲ್ಲ ಸುಣ್ಣ, ಬಿಸಿಲು, ಮತ್ತೆ ಸುಣ್ಣ.
ಒಂದಕ್ಕೆ ರೋಗ ಬಂದರೆ ಆ ಮನೆಯೇ ಹೋಯಿತು.
ಇಷ್ಟೆಲ್ಲ ಬಲ್ಲವಳಿಗೆ
ನಾನೇನು ಹೇಳಲಿ?

ನೀರು ಕುಡಿಯಲ್ವಾ ಅಂದೆ.
"ಕುಡಿದ್ರೆ ಏಳ್ಬೇಕು. ಎದ್ರೆ ಹತ್ತು ಕಾಲರು ಹಿಂದೆ ಬೀಳ್ತದೆ.
ಸೂಪರ್‌ವೈಸರು ಬಯ್ಯಾಕಿಲ್ಲ ಕನಕ್ಕ,
ಗಡಿಯಾರ ನೋಡ್ತನೆ, ಅಷ್ಟೇಯ."

ರಾತ್ರಿಯೆಲ್ಲ ಮೂವತ್ತೇಳು ಡಿಗ್ರಿಯಲ್ಲಿ
ನನ್ನ ಹುಳಗಳು ಮೇಯ್ದವು.
ಬೆಳಿಗ್ಗೆ ಮುಚ್ಚಳ ತೆಗೆದರೆ
ಕೆನ್ನೀಲಿ ಗುಲಾಬಿ ಚುಕ್ಕೆಗಳು, ಒತ್ತೊತ್ತಾಗಿ,
ಸೊಪ್ಪು ಹಾಕಲು ಯಾರೋ ಎದ್ದು ಕೂತಿದ್ದ ಹಾಗೆ.

ಮತ್ತೊಂದು ತಟ್ಟೆ. ಅದರ ಮೇಲೆ ಔಷಧದ ಬಿಲ್ಲೆಗಳು.
ಬಿಲ್ಲೆ ಗೆದ್ದರೆ ಸುತ್ತ ಒಂದು ಬಯಲು ಬಿಡುತ್ತದೆ,
ಚಂದ್ರನಿಗೆ ಕಣ ಕಟ್ಟಿದ ಹಾಗೆ.
ಸ್ಕೇಲು ಹಿಡಿದು ಅಳೆದೆ.
ಮೊದಲನೆಯದಕ್ಕೆ ಬಯಲಿಲ್ಲ. ಎರಡನೆಯದಕ್ಕೂ.
ಮೆಡಿಕಲ್ ಸ್ಟೋರಿನವ ಚೀಟಿ ಕೇಳದೆ ಕೊಟ್ಟಿದ್ದ
ದುಬಾರಿ ಮಾತ್ರೆಯ ಅಂಚಿಗೇ
ಹುಳಗಳು ಬಂದು ಬೆನ್ನು ಒರಗಿಸಿದ್ದವು.
ಮೂಲೆಯಲ್ಲಿ ಒಂದು ಹಳೇದು, ಅಗ್ಗದ್ದು, ಯಾರೂ ನೆಚ್ಚದ್ದು,
ಅದೊಂದೇ ತನ್ನ ಸುತ್ತ ಅಂಗಳ ಗುಡಿಸಿಕೊಂಡಿತ್ತು.

ರಿಪೋರ್ಟಿನಲ್ಲಿ ಅಂಕಣಗಳಿವೆ.
ಹುಳದ ಹೆಸರಿಗೆ, ಔಷಧಕ್ಕೆ, ಮಿಲಿಮೀಟರಿಗೆ.
ಗಡಿಯಾರಕ್ಕೆ ಅಂಕಣವಿಲ್ಲ.

ಐದು ದಿನ, ಊಟ ಆದ ಮೇಲೆ, ಡಾಕ್ಟರು ಬರೆದರು.
ಬಣ್ಣ ಗಾಢವಾದರೆ ಹೆದರಬೇಡ ಅಂತ
ನಾನು ಕಿಟಕಿಯಿಂದ ಸೇರಿಸಿದೆ.

ಹತ್ತು ದಿನ ಬಿಟ್ಟು ಬಂದಳು. ಮತ್ತೆ ಉರಿ.
ಮಾತ್ರೆ ಮುಗಿಸಿದ್ಯಾ?
ಸೆರಗಿನ ತುದಿ ಬೆರಳಿಗೆ ಸುತ್ತಿದಳು.
"ಮೂರನೇ ದಿನಕ್ಕೇ ಉರಿ ನಿಂತೋಯ್ತು. ಸಾಕು ಅಂದ್ಕಂಡೆ.
ಪಕ್ಕದ ಮಿಸನ್ನಿನವ್ಳಿಗೂ ಇಂಗೇಯ,
ಪಾಪ, ಉಳಿದವು ಅವ್ಳಿಗೆ ಕೊಟ್ಟೆ."

ಬಯ್ಯಲು ಬಾಯಿ ತೆರೆದಿದ್ದೆ.
ಇದ್ದುದರಲ್ಲಿ ಅರ್ಧ ಪಕ್ಕದವಳಿಗೆ ಕೊಡು ಅಂತ
ನನಗೂ ಅವಳಿಗೂ ಬಾಲ್ಯದಲ್ಲಿ ಕಲಿಸಿದ್ದು ಒಂದೇ ಪಾಠ.
ರೊಟ್ಟಿಗಾದರೆ ಸರಿ. ಇದಕ್ಕೆ ಅಲ್ಲ
ಎಂದು ಯಾವ ಅವ್ವ ತಾನೇ ಹೇಳಿದ್ದಳು?

ಕೆಂಪಾಜಮ್ಮ, ಕೇಳು ಅಂದೆ.
ನಾಲ್ಕನೇ ಜ್ವರ ಎದ್ದ ಹುಳಕ್ಕೆ
ಸೊಪ್ಪು ನಿಲ್ಲಿಸಿ ಸಾಕು ಅಂದರೆ ಗೂಡು ಕಟ್ಟುತ್ತಾ?
"ಎಲ್ಲಿ ಕಟ್ತದೆ."
ಮಾತ್ರೆನೂ ಅಂಗೇ. ನಡುವೆ ಸಾಕು ಅಂದೆಯೋ,
ಮಿಕ್ಕ ಗಟ್ಟಿ ಹುಳಗಳನ್ನ
ನೀನೇ ಸಾಕಿದಂಗೆ.
ಅವಳು ಬಹಳ ಹೊತ್ತು ಕಿಟಕಿಯ ಕಂಬಿ ಹಿಡಿದು ನಿಂತಳು.
ಹಿಂದಿನವನು ಕೆಮ್ಮಿದ.

ಆ ದಿನ ನನ್ನ ಬಾಟಲಿಯ ನೀರೂ
ಮಧ್ಯಾಹ್ನ ಮೂರಾದರೂ ಕತ್ತಿನ ತನಕ ಇತ್ತು.
ನಮ್ಮ ಮಹಡಿಯ ಬಾಗಿಲಿನ ಬೀಗದ ಕೈ
ಕೆಳಗಿನ ಮಹಡಿಯಲ್ಲಿ ಇರುತ್ತದೆ.

ಸೋಮವಾರ ಬೆಳಿಗ್ಗೆ ಕಿಟಕಿಯ ಕಟ್ಟೆಯ ಮೇಲೆ
ಎರಡು ಬಾಟಲಿ.
ಒಂದರ ಮೇಲೆ, ಬೆರಳು ವಾಸಿಯಾಗಿರಬೇಕು,
ಡೊಂಕು ಅಕ್ಷರದಲ್ಲಿ ಅವಳದೇ ಹೆಸರು.
ಇನ್ನೊಂದರ ಮೇಲೆ, ಅದೇ ಅಕ್ಷರದಲ್ಲಿ:
ಪಕ್ಕದ ಮಿಸನ್ನು.