ಗೆರೆಯಾಚೆ ಒಂದು ಗೇಣು

ಮಂಡಕ್ಕಿ ಭಟ್ಟಿಯ ಓಣಿ, ಬೆಳಗಿನ ಐದು.
ಟೆಂಪೋ ಮುಂದೆ ನಿಂತು ಎರಡೂ ಕೈ ಎತ್ತುತ್ತಾನೆ ಖಲಂದರ್.
ಬೇರೆಯವರ ಹಾಗೆ ‘ಬರ್ಲಿ ಬರ್ಲಿ’ ಅನ್ನಲ್ಲ,
ಬಾಡಿಗೆ ಅಂಗೈ ಬಡಿಯಲ್ಲ.
ಮೊಣಕೈ ಮಡಿಸಿ, ಚಾಚಿ, ಮತ್ತೆ ಮಡಿಸಿ
ಕೊನೆಗೆ ತಲೆಯ ಮೇಲೆ ಮುಂಗೈಗಳ ಕತ್ತರಿ.
ಅಂದರೆ ನಿಲ್ಲು.
ಮೊದಲ ದಿನ ನಕ್ಕೆ. ಯಾವ ಬ್ಯಾಂಡ್‌ಸೆಟ್ಟಿನವನಪ್ಪ ಇವನು?

ಮಂಡಕ್ಕಿಗೆ ತೂಕವಿಲ್ಲ, ಮೈ ಮಾತ್ರ.
ಚೀಲದ ಮೇಲೆ ಚೀಲ, ಬದಿಗೆ ಚೀಲ, ಹಗ್ಗದ ತುದಿಗೂ ಚೀಲ,
ಎರಡೂ ಕಡೆ ಎರಡೆರಡು ಅಡಿ ಉಬ್ಬಿ
ಗಾಡಿ ಎಲ್ಲಿ ಮುಗಿದು ಗಾಳಿ ಎಲ್ಲಿ ಶುರು ಅಂತ
ಹದಿನೆಂಟು ವರ್ಷ ಓಡಿಸಿದ ನನಗೇ ತಿಳಿಯದು.
ಕನ್ನಡಿಯಲ್ಲಿ ಬರೀ ಬಿಳಿ ಪ್ಲಾಸ್ಟಿಕ್ಕು.

‘ಪೈಲಟ್ಟಿಗೂ ಅಷ್ಟೇ’ ಅಂದ ಒಂದು ದಿನ,
ಮಿರ್ಚಿಯ ತೊಟ್ಟು ಎಸೆಯುತ್ತಾ.
‘ಕೂತಲ್ಲಿಂದ ಅವರಿಗೆ ರೆಕ್ಕೆಯ ತುದಿ ಕಾಣಲ್ಲ, ಹಾಲೇಶಣ್ಣ.
ನೆಟ್ಟಗೆ ಬಂದರೆ ಸರಿ.
ತಿರುಗುವಾಗ ರೆಕ್ಕೆ ಬೆಳೀತದೆ.’
ಸುಳ್ಳು ಅಂದೆ.
ತೋಳುಗಳನ್ನು ಹಿಂದಕ್ಕೆ ವಾಲಿಸಿ ಚಾಚಿ
ಓಣಿಯ ನಡುವೆ ಮೆಲ್ಲಗೆ ತಿರುಗಿದ.
ಬೆರಳು ಗೋಡೆಗೆ ತಾಗಿತು.

ಹನ್ನೊಂದು ವರ್ಷ ಮೆಟ್ಟಿಲು ಗಾಡಿ ಓಡಿಸಿದವನು,
ವಿಮಾನದ ಬಾಗಿಲಿಗೆ ಒಯ್ದು ಹಚ್ಚುವ ಗಾಡಿ.
ಅವತ್ತು ಅದರ ಜಾಗದಲ್ಲಿ ಎಣ್ಣೆ ಚೆಲ್ಲಿತ್ತಂತೆ,
ತುಸು ಹಿಂದೆ ನಿಲ್ಲಿಸಿದ, ಕೆಂಪು ಗೆರೆಯಾಚೆ.
ಎಷ್ಟು?
ಹೆಬ್ಬೆರಳು ಕಿರುಬೆರಳು ಅಗಲಿಸಿ ಟೆಂಪೋ ಬಾನೆಟ್ಟಿಗಿಟ್ಟ.
‘ಟೇಪು ಹಿಡಿದು ಇಪ್ಪತ್ತೆರಡು ಸೆಂಟಿಮೀಟರು ಅಂದರು.
ಅಳೆದು ನೋಡು, ಸರಿಯಾಗಿ ನನ್ನ ಗೇಣು.’

ಎಮ್ಮೆ ಕೆರೆಗೆ ಇಳಿದಂತೆ ಬಂತಂತೆ ವಿಮಾನ, ಅವಸರವಿಲ್ಲದೆ.
ಒಳಗೆ ನೂರರವತ್ತು ಜನ,
ಆಗಲೇ ಬೆಲ್ಟು ಬಿಚ್ಚಿ ಮೇಲಿನ ಬ್ಯಾಗಿಗೆ ಕೈಹಾಕಿದವರು,
‘ಇಳಿದೆ, ಐದು ನಿಮಿಷ’ ಎಂದು ಮನೆಗೆ ಫೋನು ಹಚ್ಚಿದವರು.
ಮುಗಿಲಲ್ಲಿ ಅಷ್ಟು ದಾರಿ ಕ್ಷೇಮ.
ಆಮೇಲೆ ಹಪ್ಪಳ ಮುರಿದ ಸದ್ದು.
ಅಷ್ಟೇ. ಬೆಂಕಿಯಿಲ್ಲ, ರಕ್ತವಿಲ್ಲ,
ರೆಕ್ಕೆ ತುದಿಯ ಹಸಿರು ದೀಪ ನೆಲದ ಮೇಲೆ
ಒಡೆದ ಬಳೆಯ ಹಾಗೆ.

ಕ್ಯಾಪ್ಟನ್ ಹೆಣ್ಣುಮಗಳು. ಇಳಿದು ಬಂದು, ತಲೆಯೆತ್ತಿ ನೋಡಿ
‘ನನಗೆ ಕಾಣಲಿಲ್ಲ’ ಅಂದಳಂತೆ. ಯಾರಿಗೆ ಅಂತಿಲ್ಲ.
ವಿಚಾರಣೆಯ ಕಾಗದದಲ್ಲಿ ಗೆರೆ ಇತ್ತು, ಗೇಣಿತ್ತು,
ಗಾಡಿಯ ನಂಬರಿತ್ತು.
ಎರಡು ತಿಂಗಳು ಸಸ್ಪೆಂಡು, ಮತ್ತೆ ಕರೆದರು.
ಇವನೇ ಹೋಗಲಿಲ್ಲ, ದಾವಣಗೆರೆ ಬಸ್ಸು ಹತ್ತಿದ.

ಇಷ್ಟು ಹೇಳಿ ಸುಮ್ಮನಾದ.
ಹೊಟ್ಟಿನ ಹೊಗೆ ಓಣಿಯಲ್ಲಿ ಮಂಡಿಮಟ್ಟ ನಿಂತಿತ್ತು,
ಕಾದ ಮರಳಿನಲ್ಲಿ ಅಕ್ಕಿ ಅರಳುತ್ತಿತ್ತು.
‘ನನಗೆ ಕಂಡಿತ್ತು, ಹಾಲೇಶಣ್ಣ.
ಕೆಳಮೆಟ್ಟಿಲ ಮೇಲೆ ಕೂತಿದ್ದೆ. ಬರೋದು ಕಂಡಿತ್ತು.
ಕೈ ಎತ್ತಬೇಕಿತ್ತು.
ಕೈಯಲ್ಲಿ ಚಹಾ ಇತ್ತು.’

ಕಾಗದದಲ್ಲಿ ಅದು ಇಲ್ಲ. ಯಾರೂ ಕೇಳಿರಲಿಲ್ಲ.

ಇವತ್ತು ಏಳರೊಳಗೆ ರಾಣೆಬೆನ್ನೂರು ಮುಟ್ಟಬೇಕು.
ನಲ್ಲಿಯ ತಿರುವಿನಲ್ಲಿ ಯಾರದೋ ಸ್ಕೂಟರು.
ಹೋಗ್ತದೆ ಬಿಡೋ, ಮಂಡಕ್ಕಿ ತಾಗಿದರೆ ಸ್ಕೂಟರಿಗೇನು, ಅಂದೆ.
ಮುಂಗೈಗಳ ಕತ್ತರಿ, ತಲೆಯ ಮೇಲೆ.
ಹಾರ್ನ್ ಹೊಡೆದೆ. ಕದಲಲಿಲ್ಲ.
ಲುಂಗಿ ಕಟ್ಟಿಕೊಳ್ಳುತ್ತಾ ಬಂದ ಸ್ಕೂಟರಿನವನು
ನಮ್ಮಿಬ್ಬರನ್ನೂ ಸೇರಿಸಿ ಬೈದ,
ಒಂದು ಗೇಣು ಸರಿಸಿದ. ಇನ್ನೊಂದು ಗೇಣು.
ತಿರುಗಿಸಿದೆ. ಎಡಗಡೆಯ ಚೀಲ
ಸೀಟಿನ ಮೇಲಿನ ಇಬ್ಬನಿ ಒರೆಸಿಕೊಂಡು ಹೋಯಿತು.

ಭಟ್ಟಿಯ ಕಟ್ಟೆಯ ಮೇಲೆ ಅವನ ಲೋಟ,
ಬೂದಿ ಬಿದ್ದು, ಕೆನೆಗಟ್ಟಿ.
ಕನ್ನಡಿಯಲ್ಲಿ ಕಾಣಲ್ಲ, ಆದರೂ ಗೊತ್ತು:
ನಾನು ಪಿ.ಬಿ. ರೋಡು ಮುಟ್ಟುವ ತನಕ
ಅವನು ಅದನ್ನು ಮುಟ್ಟುವುದಿಲ್ಲ.