ಈ ಮನ್ಯಾಗ ರೊಟ್ಟಿ ಯಾರು ಬಡೀತಾರ?

ಶಹಾಪುರದ ನಮ್ಮ ಶಾಲೆಗೆ
ಚಿತ್ರಪುಸ್ತಕಗಳ ಪೆಟ್ಟಿಗೆ ಬಂತು.
ಕಟ್ಟಿದ ಸುತಲಿ ಬಿಚ್ಚಲಿಕ್ಕೆ ಹಲ್ಲೇ ಬೇಕಾಯಿತು.

ಮೊದಲನೆಯದರಲ್ಲಿ ಒಂದು ಮನೆ:
ಕೆಂಪು ಹೆಂಚು, ಅಪ್ಪ, ಅಮ್ಮ, ಅಣ್ಣ, ಪುಟ್ಟಿ,
ಪೇಪರು ಓದುವ ಅಜ್ಜ.
ಎಲ್ಲರೂ ಎತ್ತರದ ಪ್ರಕಾರ ನಿಂತಿದ್ದಾರೆ,
ಪ್ರಾರ್ಥನೆಗೆ ನಿಂತ ಹಾಗೆ.

ಮೋನಮ್ಮ ಪುಟದ ಮೇಲೆ ಬೆರಳಿಟ್ಟು
ಆ ಮೂಲೆಯಿಂದ ಈ ಮೂಲೆಗೆ ಹುಡುಕಿದಳು.
"ಈ ಮನ್ಯಾಗ ರೊಟ್ಟಿ ಯಾರು ಬಡೀತಾರ್ರೀ?"

ನಾನು ಬೇರೆ ಪ್ರಶ್ನೆಗೆ ತಯಾರಾಗಿದ್ದೆ.

ಯಾಕೆಂದರೆ ಅವಳ ಮನೆಯಲ್ಲಿ ಬಡಿಯುವವರು ಇಬ್ಬರು,
ರಾಚವ್ವ, ಹುಸೇನಬಿ.
ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ
ನಸುಕಿನ ಐದಕ್ಕೆ ಶುರುವಾಗುತ್ತದೆ ಸಪ್ಪಳ,
ಒಬ್ಬಳದು ದಪ್ಪ, ಒಬ್ಬಳದು ಚುರುಕು.
ಕೌದಿಯೊಳಗಿಂದಲೇ ಹುಡುಗಿ ಹೇಳುತ್ತಾಳೆ:
ಇದು ಅವ್ವ. ಇದು ಬೀಅವ್ವ.
ಹಡೆದವಳು ಯಾರೆಂದು ಓಣಿಗೆ ಗೊತ್ತು,
ಹುಡುಗಿಗೂ ಗೊತ್ತು,
ಕೇಳಿದವರಿಗೆ ಮಾತ್ರ ಹೇಳುವುದಿಲ್ಲ.

ಹದಿನಾರು ವರ್ಷದಿಂದ ಒಂದೇ ಒಲೆ, ಒಂದೇ ಕೊಣಮಿಗೆ,
ರೇಶನ್ ಕಾರ್ಡು ಎರಡು.
ಒಂದು ಮಾಡಿಸಲು ಹೋದ ದಿನ
'ಸಂಬಂಧ' ಎಂಬ ಕಾಲಮ್ಮಿನ ಮುಂದೆ
ಕಂಪ್ಯೂಟರ್ ಹುಡುಗ ಬೆರಳು ಎತ್ತಿ ಹಿಡಿದು ಕೂತ.
ಅಕ್ಕ? ಅಲ್ಲ.
ನಾದಿನಿ? ಅಲ್ಲ.
"ರೊಟ್ಟಿ ಅಂತ ಬರಕೋ" ಅಂದಳಂತೆ ರಾಚವ್ವ.
ಆ ಪಟ್ಟಿಯಲ್ಲಿ ರೊಟ್ಟಿ ಇರಲಿಲ್ಲ.

ಪೆಟ್ಟಿಗೆಯ ತಳದಲ್ಲಿತ್ತು ಇನ್ನೊಂದು,
ದೂರದ ಯಾವುದೋ ದೇಶದಿಂದ ಕನ್ನಡಕ್ಕೆ ಬಂದದ್ದು:
ಹಿಮ, ಹೊಗೆಗೂಡು, ಇಬ್ಬರು ಅಮ್ಮಂದಿರು,
ನಡುವೆ ಹಲ್ಲು ಬಿದ್ದ ಹುಡುಗ.
ಹೆಡ್‌ಮಾಸ್ತರರು ಎರಡು ಸಲ ತಿರುವಿದರು.
ಸಿಟ್ಟಿನ ಮನುಷ್ಯ ಅಲ್ಲ ಅವರು.
"ಯಾರರೆ ಕೇಳಿದ್ರ ಏನ್ ಹೇಳ್ತೀರಿ ಮೇಡಂ?" ಅನ್ನುತ್ತ
ಹಳೆಯ ಹಾಜರಿ ಪುಸ್ತಕಗಳ ಕಪಾಟಿನಲ್ಲಿಟ್ಟು ಬೀಗ ಹಾಕಿದರು.
ಬೀಗದ ಕೈ ಇರುವುದು ನನ್ನ ಮೇಜಿನ ಡ್ರಾದಲ್ಲೇ.
ಅದು ಅವರಿಗೂ ಗೊತ್ತು.

ಒಂದು ಶನಿವಾರ, ಶಾಲೆ ಬಿಟ್ಟ ಮೇಲೆ, ತೆಗೆದುಕೊಟ್ಟೆ.
ಎದೆ ಹೊಡೆದುಕೊಳ್ಳುತ್ತಿತ್ತು,
ಯಾವುದೋ ದೊಡ್ಡ ಬಾಗಿಲು ತೆರೆಯುತ್ತಿದ್ದೇನೆಂಬ
ಜಂಬವೂ ಇತ್ತು ಸ್ವಲ್ಪ.
ಮೋನಮ್ಮ ನೋಡಿದಳು. ತಿರುವಿದಳು. ಹಿಂದಕ್ಕೆ ಬಂದು ಮತ್ತೆ ನೋಡಿದಳು.
"ಬೆಕ್ಕು ಹಾಸಿಗಿ ಮ್ಯಾಲ ಮಲಕೊಂಡದ!
ಇವರ ಅವ್ವಗೋಳು ಬೈಯಂಗಿಲ್ಲೇನ್ರೀ?"

ಅಷ್ಟೇ.
ಇಬ್ಬರು ಅಮ್ಮಂದಿರು ಆಕೆಗೆ ಸುದ್ದಿಯೇ ಅಲ್ಲ.
ಹಿಮ ಸುದ್ದಿ. ಬೆಕ್ಕು ಸುದ್ದಿ.
ಪುಸ್ತಕ ಮುಚ್ಚುವಾಗ, ಮೆಲ್ಲಗೆ:
"ಇದರಾಗೂ ರೊಟ್ಟಿ ಇಲ್ಲ."

ಸೋಮವಾರ ತಾನೇ ಒಂದನ್ನು ಮಾಡಿ ತಂದಳು,
ಹಳೆ ಕ್ಯಾಲೆಂಡರಿನ ಬೆನ್ನು, ಗೋಣಿಚೀಲ ಹೊಲಿಯುವ ದಾರ.
ಮೊದಲ ಪುಟದಲ್ಲಿ ನಾಲ್ಕು ಕೈ,
ಬಳೆಗಳನ್ನು ಎಣಿಸಿಯೇ ಬರೆದಿದ್ದಾಳೆ.
ಎರಡನೆಯದರಲ್ಲಿ ಚಂದ್ರನೋ ರೊಟ್ಟಿಯೋ.
ಮೂರನೆಯದು ಖಾಲಿ. "ಬಣ್ಣ ಮುಗೀತ್ರೀ."
ಕೊನೆಯದರಲ್ಲಿ ನಮ್ಮೂರ ಗುಡ್ಡ,
ದೂರದ ರಸ್ತೆಯಿಂದ ಕಂಡರೆ
ಯಾರೋ ಅಂಗಾತ ಮಲಗಿ ನಿದ್ದೆ ಹೋದಂತೆ,
ಹತ್ತಿರ ಹೋದರೆ ತಲೆ ಬೇರೆ ಗುಡ್ಡ, ಹೊಟ್ಟೆ ಬೇರೆ ಗುಡ್ಡ,
ನಡುವೆ ಆಡಿನ ಹಿಂಡು ದಾಟುವಷ್ಟು ಸಂದು.
ಹೊಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾಳೆ
ಎರಡು ಜಡೆಯ ಒಬ್ಬಳು.

ನಂಬರು ಕೊಟ್ಟು ರಿಜಿಸ್ಟರಿಗೆ ಏರಿಸಿದೆ.
ಲೇಖಕಿ: ಮೋನಮ್ಮ, ಮೂರನೆಯ ತರಗತಿ.
'ವಿಷಯ' ಎಂಬ ಕಾಲಮ್ಮಿನ ಮುಂದೆ
ನನ್ನ ಪೆನ್ನೂ ನಿಂತಿತು.

ಹೆಡ್‌ಮಾಸ್ತರರು ಕನ್ನಡಕ ಏರಿಸಿ ನೋಡಿದರು,
ಬಹಳ ಹೊತ್ತು ನೋಡಿದರು.
"ಗುಡ್ಡ ಅಂತ ಬರೀರಿ" ಅಂದರು.
ಬರೆದೆ.